ಶಾಲೆ ಮತ್ತೆ ತೆರೆದರೆ ಕಲಿಕೆ ತಾನಾಗಿಯೇ ಸರಿಹೋಗುತ್ತದೆಯೇ?

"ಸಾಲಿ ಸುರು ಆದ್ರ ಎಲ್ಲಾ ಸರಿ ಆಗ್ತೈತಿ. ಸಣ್ಣ ಹುಡುಗ್ರು, ಲಗೂನ ಕಲೀತಾವ." ನೆರೆ ಇಳಿದ ಮೇಲೆ, ಲಾಕ್‌ಡೌನ್ ಮುಗಿದ ಮೇಲೆ, ಮುರಗೋಡ, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಈ ಮಾತನ್ನು ಕೇಳದವರು ಕಡಿಮೆ. ಹೇಳುವವರಲ್ಲಿ ಪಾಲಕರೂ ಇದ್ದಾರೆ, ಶಿಕ್ಷಕರೂ ಇದ್ದಾರೆ. ಮಾತಿನ ಹಿಂದೆ ಕೆಟ್ಟ ಉದ್ದೇಶವೇನೂ ಇಲ್ಲ. ಮಕ್ಕಳ ಮೇಲಿನ ಭರವಸೆಯೇ ಇದೆ. ಆದರೆ ಇದು ಎಷ್ಟು ನಿಜ?

ಚಿಕ್ಕ ಉತ್ತರ ಹೀಗಿದೆ: ಅರ್ಧ ನಿಜ. ಶಾಲೆ ತೆರೆದರೆ ಕಲಿಕೆ ಮತ್ತೆ ಶುರುವಾಗುತ್ತದೆ, ಕಳೆದುಹೋದದ್ದರಲ್ಲಿ ಒಂದು ಪಾಲು ವಾಪಸ್ಸೂ ಬರುತ್ತದೆ. ಉಳಿದ ಪಾಲು ತಾನಾಗಿ ಬರುವುದಿಲ್ಲ. ಗಮನ ಕೊಡದಿದ್ದರೆ ವರ್ಷದಿಂದ ವರ್ಷಕ್ಕೆ ಅಂತರ ದೊಡ್ಡದಾಗಲೂಬಹುದು. ಯುದ್ಧ, ಭೂಕಂಪ, ಪ್ರವಾಹ, ಸಾಂಕ್ರಾಮಿಕದ ನಡುವೆ ಮಕ್ಕಳ ಓದು ಏನಾಗುತ್ತದೆ ಎಂದು ಜಗತ್ತಿನ ಬೇರೆ ಬೇರೆ ಕಡೆ ನಡೆದ ಅಧ್ಯಯನಗಳು ಈ ಬಗ್ಗೆ ಸಾಕಷ್ಟು ಹೇಳುತ್ತವೆ. ಅವುಗಳನ್ನು ನಮ್ಮ ಮಲಪ್ರಭೆಯ ದಂಡೆಗೆ ತಂದು ನೋಡೋಣ.

2019ರಲ್ಲಿ ಒಂದನೇ ತರಗತಿಗೆ ಸೇರಿದ ಮಗು

ರಾಮದುರ್ಗ ಅಥವಾ ಮುನವಳ್ಳಿಯಲ್ಲಿ 2019ರ ಜೂನ್‌ನಲ್ಲಿ ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಸೇರಿದ ಒಂದು ಮಗುವನ್ನು ಊಹಿಸಿಕೊಳ್ಳಿ. ಸೇರಿ ಎರಡು ತಿಂಗಳಾಗುವಷ್ಟರಲ್ಲಿ, ಆಗಸ್ಟ್ ಮೊದಲ ವಾರದಲ್ಲಿ, ಭಾರಿ ಮಳೆಗೆ ನವಿಲುತೀರ್ಥದ ಜಲಾಶಯ ತುಂಬಿ ನದಿಗೆ ನೀರು ಬಿಡಬೇಕಾಯಿತು. ಕೆಳಗಿನ ಊರುಗಳಿಗೆ ನೀರು ನುಗ್ಗಿತು. ಮನೆಗಳು ಬಿದ್ದವು, ಶಾಲೆಗಳಿಗೆ ರಜೆ ಘೋಷಣೆಯಾಯಿತು, ನೀರು ಹೋಗದ ಶಾಲೆಗಳು ಪರಿಹಾರ ಕೇಂದ್ರಗಳಾದವು. ಅಕ್ಟೋಬರ್‌ನಲ್ಲಿ ಈ ಭಾಗಕ್ಕೆ ಮತ್ತೊಮ್ಮೆ ಪ್ರವಾಹ ಬಂತು.

ಅದು ಮುಗಿದು ಪಾಠ ಹಳಿಗೆ ಬರುವಷ್ಟರಲ್ಲಿ 2020ರ ಮಾರ್ಚ್ ಮಧ್ಯಭಾಗ. ಕೊರೊನಾದಿಂದ ಶಾಲೆ ಮುಚ್ಚಿತು. ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಯವರಿಗೆ ಶಾಲೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂದರೆ ಸುಮಾರು 19 ತಿಂಗಳ ನಂತರ. ನಮ್ಮ ಆ ಮಗು ಒಂದನೇ ತರಗತಿಯ ಅರೆಬರೆ ಪಾಠ ಮುಗಿಸಿ ಮನೆಗೆ ಹೋದದ್ದು, ಎರಡನೇ ತರಗತಿಯ ಕೋಣೆಯನ್ನು ನೋಡದೆಯೇ ಮೂರನೇ ತರಗತಿಯ ನಡುವೆ ಬಂದು ಕೂತಿತು. 2022ರಲ್ಲಿ ಅದಕ್ಕೆ ನಾಲ್ಕನೇ ತರಗತಿ.

ಇಲ್ಲಿ ಕರ್ನಾಟಕಕ್ಕೇ ಸೇರಿದ ಒಂದು ಸಂಗತಿ ಇದೆ. ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ ನಲಿ-ಕಲಿ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಮಗು ತನ್ನ ವೇಗದಲ್ಲಿ, ಕಾರ್ಡು ಮತ್ತು ಮೆಟ್ಟಿಲುಗಳ ಮೂಲಕ ಮುಂದೆ ಹೋಗುತ್ತದೆ. ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಶುರುಮಾಡುತ್ತದೆ. ನಾಲ್ಕನೇ ತರಗತಿಯಿಂದ ಪಠ್ಯಪುಸ್ತಕದ ಪಾಠ, ಇಡೀ ತರಗತಿಗೆ ಒಂದೇ ಪುಟ. ನಮ್ಮ ಮಗುವಿನ ಕೈತಪ್ಪಿದ್ದು ಸರಿಯಾಗಿ ಆ ನಲಿ-ಕಲಿಯ ವರ್ಷಗಳೇ. ಎಡವಿದರೆ ಕಾಯುವ ಪದ್ಧತಿಯನ್ನು ಕಳೆದುಕೊಂಡು, ಕಾಯದ ಪದ್ಧತಿಗೆ ನೇರವಾಗಿ ಬಂತು.

ಕಳೆದದ್ದು ಏನು?

ಶಾಲೆ ಮುಚ್ಚಿದಾಗ ಎರಡು ಬಗೆಯ ನಷ್ಟವಾಗುತ್ತದೆ. ಆ ಅವಧಿಯಲ್ಲಿ ಕಲಿಯಬೇಕಾಗಿದ್ದನ್ನು ಕಲಿಯದಿರುವುದು ಒಂದು. ಮೊದಲೇ ಕಲಿತದ್ದನ್ನು ಮರೆಯುವುದು ಇನ್ನೊಂದು. ಎರಡನೆಯದನ್ನು ನಾವು ಹೆಚ್ಚಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರಿಶೀಲಿಸಿತು. ಎರಡರಿಂದ ಆರನೇ ತರಗತಿಯ ಮಕ್ಕಳು ಇವರು. ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಕೌಶಲಗಳಲ್ಲಿ ಕನಿಷ್ಠ ಒಂದನ್ನಾದರೂ 92% ಮಕ್ಕಳು ಕಳೆದುಕೊಂಡಿದ್ದರು. ಗಣಿತದಲ್ಲಿ ಈ ಪ್ರಮಾಣ 82%. ಕಳೆದದ್ದು ದೊಡ್ಡ ವಿದ್ಯೆಯೇನಲ್ಲ: ಚಿತ್ರ ನೋಡಿ ಬಾಯಲ್ಲಿ ವಿವರಿಸುವುದು, ಪರಿಚಿತ ಪದಗಳನ್ನು ಓದುವುದು, ನಾಲ್ಕು ಸರಳ ವಾಕ್ಯ ಬರೆಯುವುದು. ಮುಂದಿನ ಎಲ್ಲ ಕಲಿಕೆ ನಿಲ್ಲುವುದು ಇವುಗಳ ಮೇಲೆ.

ಅದೇ ವರ್ಷದ ಅಸರ್ ಸಮೀಕ್ಷೆ ಗ್ರಾಮೀಣ ಕರ್ನಾಟಕದ 24 ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳಿಂದ ಓದಿಸಿತು. ಎರಡನೇ ತರಗತಿಯ ಪಾಠವನ್ನು ಓದಬಲ್ಲ ಮೂರನೇ ತರಗತಿಯ ಮಕ್ಕಳು 2018ರಲ್ಲಿ ಸುಮಾರು 19% ಇದ್ದರು. ಅದು 10%ಕ್ಕಿಂತ ಕೆಳಗಿಳಿದಿತ್ತು.

ಒಂದು ಎಚ್ಚರಿಕೆ. ಈ ಎರಡರಲ್ಲಿ ನನ್ನನ್ನು ಹೆಚ್ಚು ಕಾಡುವುದು 10 ಅಲ್ಲ, 19. ಕೊರೊನಾದ ಹೆಸರನ್ನೂ ಕೇಳದ ವರ್ಷದಲ್ಲಿ ಐವರಲ್ಲಿ ನಾಲ್ವರಿಗೆ ಹಿಂದಿನ ತರಗತಿಯ ಪುಸ್ತಕ ಓದಲು ಬರುತ್ತಿರಲಿಲ್ಲ. ಎಲ್ಲವನ್ನೂ ವಿಪತ್ತಿನ ತಲೆಗೆ ಕಟ್ಟುವುದು ಸುಲಭ, ಆದರೆ ಅದು ಸರಿಯಲ್ಲ. ವಿಪತ್ತು ಮೊದಲೇ ಬಿರುಕು ಬಿಟ್ಟ ಗೋಡೆಯ ಮೇಲೆ ಬಂತು.

14 ವಾರ ಮುಚ್ಚಿದ ಶಾಲೆ, ನಾಲ್ಕು ವರ್ಷದ ನಂತರ

"ತಾನಾಗಿ ಸರಿಹೋಗುತ್ತದೆಯೇ" ಎಂಬ ಪ್ರಶ್ನೆಗೆ ಉತ್ತರ ಬೇಕೆಂದರೆ, ವಿಪತ್ತು ಮುಗಿದು ಹಲವು ವರ್ಷಗಳಾದ ಮೇಲೆ ಅದೇ ಊರುಗಳಿಗೆ ಹೋಗಿ ಮಕ್ಕಳನ್ನು ಪರೀಕ್ಷಿಸಬೇಕು. ಅಂಥ ಕೆಲಸ ನಮ್ಮ ನೆರೆಯ ದೇಶದಲ್ಲಿ ನಡೆದಿದೆ. 2005ರ ಅಕ್ಟೋಬರ್ 8ರಂದು ಪಾಕಿಸ್ತಾನದ ಉತ್ತರ ಭಾಗದಲ್ಲಿ 7.6 ತೀವ್ರತೆಯ ಭೂಕಂಪವಾಯಿತು, 70 ಸಾವಿರಕ್ಕೂ ಹೆಚ್ಚು ಜನ ಸತ್ತರು. ತಾಹಿರ್ ಅಂದ್ರಾಬಿ, ಬೆಂಜಮಿನ್ ಡೇನಿಯಲ್ಸ್ ಮತ್ತು ಜಿಷ್ಣು ದಾಸ್ ಎಂಬ ಸಂಶೋಧಕರು ನಾಲ್ಕು ವರ್ಷದ ನಂತರ ಅಲ್ಲಿನ ಕುಟುಂಬಗಳನ್ನು ಸಮೀಕ್ಷೆ ಮಾಡಿದರು.

ಮೇಲ್ನೋಟಕ್ಕೆ ಎಲ್ಲ ಸರಿಹೋಗಿತ್ತು. ಪರಿಹಾರದ ಹಣ ಬಂದಿತ್ತು, ಮನೆ ಕಟ್ಟಿಕೊಂಡಿದ್ದರು. ಭೂಕಂಪದ ಬಿರುಕಿಗೆ ಹತ್ತಿರವಿದ್ದ ಕುಟುಂಬಗಳಿಗೂ ದೂರವಿದ್ದ ಕುಟುಂಬಗಳಿಗೂ ಆಸ್ತಿಪಾಸ್ತಿಯಲ್ಲಿ ವ್ಯತ್ಯಾಸ ಉಳಿದಿರಲಿಲ್ಲ. ಮಕ್ಕಳೂ ಶಾಲೆಗೆ ಹೋಗುತ್ತಿದ್ದರು. ಆದರೆ ಪರೀಕ್ಷೆ ಕೊಟ್ಟು ನೋಡಿದಾಗ ಹತ್ತಿರದ ಊರುಗಳ ಮಕ್ಕಳು ದೂರದವರಿಗಿಂತ ಸುಮಾರು ಒಂದೂವರೆಯಿಂದ ಎರಡು ತರಗತಿಗಳಷ್ಟು ಹಿಂದಿದ್ದರು. ಶಾಲೆಗಳು ಮುಚ್ಚಿದ್ದು ಸರಾಸರಿ 14 ವಾರ ಮಾತ್ರ!

ಈ ಲೆಕ್ಕವನ್ನು ನಿಧಾನವಾಗಿ ನೋಡಬೇಕು. 14 ವಾರ ಅಂದರೆ ಮೂರು ತಿಂಗಳ ಮೇಲೆ ಸ್ವಲ್ಪ. ಕಳೆದದ್ದು ಅಷ್ಟೇ ಆಗಿದ್ದರೆ ಮಕ್ಕಳು ಮೂರು-ನಾಲ್ಕು ತಿಂಗಳು ಹಿಂದಿರಬೇಕಿತ್ತು. ಉಳಿದ ಅಂತರ ಹುಟ್ಟಿದ್ದು ಶಾಲೆ ತೆರೆದ ಮೇಲೆ. ಮರಳಿ ಬಂದ ಮಕ್ಕಳು ಪ್ರತಿ ವರ್ಷ ಬೇರೆ ಮಕ್ಕಳಿಗಿಂತ ಕಡಿಮೆ ಕಲಿತರು.

ಹೀಗೇಕೆ ಆಗುತ್ತದೆ? ಸಂಶೋಧಕರು ಕೊಡುವ ವಿವರಣೆ ಯಾವ ಶಿಕ್ಷಕರಿಗೂ ಹೊಸದಲ್ಲ. ಮಗು ಮರಳಿದಾಗ ಶಿಕ್ಷಕರು ಆ ವರ್ಷದ ಪುಸ್ತಕವನ್ನು ಎತ್ತಿಕೊಳ್ಳುತ್ತಾರೆ, ಪಾಠ ಮುಗಿಸುವ ಒತ್ತಡ ಅವರ ಮೇಲಿರುತ್ತದೆ. 52ರಲ್ಲಿ 17 ಕಳೆಯಲು ಹತ್ತರ ಸ್ಥಾನದಿಂದ ಒಂದನ್ನು ತರಬೇಕು ಎಂಬುದು ಗೊತ್ತಿಲ್ಲದ ಮಗುವಿಗೆ ಭಾಗಾಕಾರದ ಪ್ರತಿ ಹೆಜ್ಜೆಯೂ ಮುಚ್ಚಿದ ಬಾಗಿಲು, ಏಕೆಂದರೆ ಭಾಗಾಕಾರದ ಒಳಗೆ ಕಳೆಯುವುದೇ ಇದೆ. ಭಾಗಾಕಾರ ಬರದಿದ್ದರೆ ಭಿನ್ನರಾಶಿ ಇಲ್ಲ. ಭಿನ್ನರಾಶಿ ಇಲ್ಲದೆ ಶೇಕಡಾ ಇಲ್ಲ. ಓದಿನಲ್ಲೂ ಇದೇ ಕಥೆ. ಒತ್ತಕ್ಷರಕ್ಕೆ ತಡವರಿಸುವ ಮಗು ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲ ಪದವನ್ನು ಮರೆತಿರುತ್ತದೆ. ಅದರ ಗಮನವೆಲ್ಲ ಅಕ್ಷರ ಬಿಡಿಸುವುದಕ್ಕೇ ಹೋಗುತ್ತದೆ, ಅರ್ಥಕ್ಕೆ ಉಳಿಯುವುದಿಲ್ಲ. ಅಂಥ ಮಗು ಸಮಾಜ ವಿಜ್ಞಾನದಲ್ಲೂ ಹಿಂದೆ ಬೀಳುತ್ತದೆ, ಬುದ್ಧಿ ಕಡಿಮೆ ಎಂದಲ್ಲ.

ಅದೇ ಅಧ್ಯಯನದ ಇನ್ನೊಂದು ಫಲಿತಾಂಶ ನನಗೆ ಬಹಳ ಮುಖ್ಯ ಅನ್ನಿಸಿತು. ತಾಯಿ ಪ್ರಾಥಮಿಕ ಶಾಲೆಯನ್ನಾದರೂ ಮುಗಿಸಿದ್ದ ಮನೆಗಳಲ್ಲಿ ಮಕ್ಕಳ ಕಲಿಕೆ ಕುಸಿದಿರಲಿಲ್ಲ. ಪದವಿ ಬೇಕಾಗಿರಲಿಲ್ಲ, ಐದನೇ ತರಗತಿ ಸಾಕಾಗಿತ್ತು. ಇಂದಿನ ಒಬ್ಬ ಹುಡುಗಿ ಓದು ಬಿಟ್ಟರೆ ಅದರ ನಷ್ಟ ಇಪ್ಪತ್ತು ವರ್ಷದ ನಂತರದ ವಿಪತ್ತಿನಲ್ಲಿ ಅವಳ ಮಕ್ಕಳಿಗೂ ತಟ್ಟುತ್ತದೆ ಎಂದು ಇದರ ಅರ್ಥ.

"ಅಂಕಿಅಂಶ ಸುಧಾರಿಸಿದೆಯಲ್ಲ?"

ಹೌದು, ಸುಧಾರಿಸಿದೆ. ಮೂರನೇ ತರಗತಿಯಲ್ಲಿದ್ದು ಎರಡನೇ ತರಗತಿಯ ಪಾಠ ಓದಬಲ್ಲ ಮಕ್ಕಳ ಪ್ರಮಾಣ ಗ್ರಾಮೀಣ ಭಾರತದಲ್ಲಿ 2018ರಲ್ಲಿ 27% ಆಸುಪಾಸಿನಲ್ಲಿತ್ತು, 2022ರಲ್ಲಿ ಸುಮಾರು 20%ಕ್ಕೆ ಇಳಿಯಿತು, 2024ರಲ್ಲಿ ಮತ್ತೆ 27%ಕ್ಕೆ ಬಂತು. ಇದನ್ನು ನೋಡಿ "ನಷ್ಟ ತುಂಬಿತು" ಎಂದು ಬರೆದವರಿದ್ದಾರೆ.

ಆದರೆ 2024ರಲ್ಲಿ ಮೂರನೇ ತರಗತಿಯಲ್ಲಿದ್ದವರು ಯಾರು? 2022ರಲ್ಲಿ ಒಂದನೇ ತರಗತಿಗೆ ಸೇರಿದವರು. ಅವರ ಶಾಲೆ ದೀರ್ಘಕಾಲ ಮುಚ್ಚಿರಲೇ ಇಲ್ಲ. ನಾವು ಹುಡುಕುತ್ತಿರುವ ಮಗು ಆಗ ಆರನೇ ತರಗತಿಯಲ್ಲಿತ್ತು. ಹೊಸ ಮಕ್ಕಳು ಚೆನ್ನಾಗಿ ಓದುತ್ತಿದ್ದಾರೆ ಎಂಬುದು ಒಳ್ಳೆಯ ಸುದ್ದಿಯೇ. ಹಳೆಯ ಮಕ್ಕಳು ಚೇತರಿಸಿಕೊಂಡರು ಎಂಬುದಕ್ಕೆ ಅದು ಸಾಕ್ಷಿಯಲ್ಲ. ತರಗತಿಯ ಸರಾಸರಿ ಬೇರೆ, ಅದೇ ಮಕ್ಕಳ ಹಾದಿ ಬೇರೆ. ಪತ್ರಿಕೆಯಲ್ಲಿ ಇಂಥ ಶೀರ್ಷಿಕೆ ಕಂಡಾಗ "ಯಾವ ವರ್ಷ ಸೇರಿದ ಮಕ್ಕಳು?" ಎಂದು ಕೇಳಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಅದೇ ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನ ತಮಿಳುನಾಡಿನದು. ಅಭಿಜಿತ್ ಸಿಂಗ್, ಮೌರಿಸಿಯೊ ರೊಮೆರೊ ಮತ್ತು ಕಾರ್ತಿಕ್ ಮುರಳೀಧರನ್ ಗ್ರಾಮೀಣ ತಮಿಳುನಾಡಿನ ಸುಮಾರು 19,000 ಮಕ್ಕಳನ್ನು ಶಾಲೆ ತೆರೆದ ಮೇಲೆ ಮತ್ತೆ ಮತ್ತೆ ಪರೀಕ್ಷಿಸಿದರು. 2021ರ ಡಿಸೆಂಬರ್‌ನಲ್ಲಿ ನಷ್ಟ ದೊಡ್ಡದಿತ್ತು, ಗಣಿತದಲ್ಲಿ ಭಾಷೆಗಿಂತ ಹೆಚ್ಚು. ಆರು ತಿಂಗಳಲ್ಲಿ ಮೂರರಲ್ಲಿ ಎರಡು ಭಾಗ ತುಂಬಿಕೊಂಡಿತು. ಲೇಖನದ ಮೊದಲಿಗೆ "ಅರ್ಧ ನಿಜ" ಎಂದದ್ದು ಇದಕ್ಕೇ. ಆದರೆ ಚೇತರಿಕೆಯ ಸುಮಾರು ಕಾಲು ಭಾಗ ಬಂದದ್ದು ಶಾಲೆಯ ಪಾಠದಿಂದಲ್ಲ, 'ಇಲ್ಲಂ ತೇಡಿ ಕಲ್ವಿ' ಎಂಬ ಸಂಜೆ ತರಗತಿಗಳಿಂದ. ಊರಿನದೇ ಸ್ವಯಂಸೇವಕರು, ಹೆಚ್ಚಾಗಿ ಹೆಣ್ಣುಮಕ್ಕಳು, ದಿನಕ್ಕೆ ಒಂದು-ಒಂದೂವರೆ ಗಂಟೆ ಮನೆಯಂಗಳದಲ್ಲಿ ಹೇಳಿಕೊಟ್ಟದ್ದು.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ?

ಹೆಚ್ಚು ಪುರಾವೆ ಇರುವುದು ಒಂದು ಸರಳ ಉಪಾಯಕ್ಕೆ: ದಿನದಲ್ಲಿ ಒಂದೆರಡು ಗಂಟೆ ಮಕ್ಕಳನ್ನು ತರಗತಿಯ ಪ್ರಕಾರ ಕೂರಿಸದೆ, ಅವರಿಗೆ ಬರುವ ಮಟ್ಟದ ಪ್ರಕಾರ ಕೂರಿಸಿ ಕಲಿಸುವುದು. ಅಕ್ಷರ ಗೊತ್ತಿರುವವರು ಒಂದು ಗುಂಪು, ಪದ ಓದುವವರು ಇನ್ನೊಂದು, ವಾಕ್ಯ ಓದುವವರು ಮತ್ತೊಂದು. ಐದನೇ ತರಗತಿಯವನೂ ಮೂರನೇ ತರಗತಿಯವಳೂ ಒಂದೇ ಗುಂಪಿನಲ್ಲಿರಬಹುದು. ಪ್ರಥಮ್ ಸಂಸ್ಥೆ ರೂಪಿಸಿದ ಈ ವಿಧಾನವನ್ನು 2019ರ ನೊಬೆಲ್ ವಿಜೇತರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಜೊತೆಗಾರರು ಹಲವು ರಾಜ್ಯಗಳಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದರು. ಶಿಕ್ಷಕರಿಗೆ ತರಬೇತಿ ಕೊಟ್ಟು ಕೈಪಿಡಿ ಹಂಚಿದರೆ ಹೆಚ್ಚೇನೂ ಬದಲಾಗಲಿಲ್ಲ. ವೇಳಾಪಟ್ಟಿಯಲ್ಲೇ ಇದಕ್ಕೊಂದು ಪ್ರತ್ಯೇಕ ಗಂಟೆ ಇಟ್ಟು, ಮೇಲ್ವಿಚಾರಣೆ ಮಾಡಿದ ಹರಿಯಾಣದಲ್ಲಿ ಮಕ್ಕಳು ಓದಲು ಕಲಿತರು. ನಲಿ-ಕಲಿ ಗೊತ್ತಿರುವ ನಮ್ಮ ಶಿಕ್ಷಕರಿಗೆ ಇದರ ತರ್ಕ ಹೊಸದೇನಲ್ಲ, ಅದನ್ನು ಮೇಲಿನ ತರಗತಿಗೆ ಒಯ್ಯುವುದು ಮಾತ್ರ ಹೊಸದು. ಕರ್ನಾಟಕ 2022-23ನ್ನು 'ಕಲಿಕಾ ಚೇತರಿಕೆ' ವರ್ಷವೆಂದು ಘೋಷಿಸಿ ಒಂದರಿಂದ ಒಂಬತ್ತನೇ ತರಗತಿಯವರೆಗೆ ಹಿಂದಿನ ಕಲಿಕೆಯನ್ನು ತುಂಬುವ ಹಾಳೆಗಳನ್ನು ಕೊಟ್ಟಿತು. ಒಳ್ಳೆಯ ಹೆಜ್ಜೆ. ಆದರೆ ಎರಡು ವರ್ಷದ ನಷ್ಟಕ್ಕೆ ಒಂದು ವರ್ಷ ಕಡಿಮೆಯಾಯಿತು ಎಂದೇ ನನ್ನ ಅಭಿಪ್ರಾಯ.

ಶಾಲೆ ತೆರೆಯಲು ಆಗದೇ ಇರುವಾಗ ಏನು ಮಾಡಬೇಕು ಎಂಬುದಕ್ಕೂ ಪಾಠಗಳಿವೆ. 2020ರಲ್ಲಿ ಆಫ್ರಿಕಾದ ಬೋಟ್ಸ್‌ವಾನಾದಲ್ಲಿ ಕೆಲವು ಮನೆಗಳಿಗೆ ಲೆಕ್ಕಗಳನ್ನು ಬರೀ ಎಸ್ಸೆಮ್ಮೆಸ್ಸಿನಲ್ಲಿ ಕಳಿಸಿದರು, ಇನ್ನು ಕೆಲವು ಮನೆಗಳಿಗೆ ಎಸ್ಸೆಮ್ಮೆಸ್ಸಿನ ಜೊತೆ ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಫೋನ್ ಮಾಡಿ ತಾಯಿ-ಮಗುವಿನ ಜೊತೆ ಮಾತಾಡಿದರು. ಫೋನ್ ಬಂದ ಮನೆಯ ಮಕ್ಕಳು ಸ್ಪಷ್ಟವಾಗಿ ಹೆಚ್ಚು ಕಲಿತರು, ಬರೀ ಸಂದೇಶದಿಂದ ಅಷ್ಟು ಪ್ರಯೋಜನ ಕಾಣಲಿಲ್ಲ. ಅದು ಸ್ಮಾರ್ಟ್‌ಫೋನೂ ಅಲ್ಲ, ಸಾದಾ ಫೋನು.

ದೂರದ ಪಾಠ ಅಫ್ಘಾನಿಸ್ತಾನದ್ದು. ಡಾನಾ ಬರ್ಡೆ ಮತ್ತು ಲೀ ಲಿಂಡನ್ ಘೋರ್ ಪ್ರಾಂತ್ಯದ 31 ಹಳ್ಳಿಗಳಲ್ಲಿ ನೋಡಿದ್ದು ಇದು: ಊರಲ್ಲೇ, ಇದ್ದ ಕಟ್ಟಡದಲ್ಲೇ ಚಿಕ್ಕ ಶಾಲೆ ಶುರುವಾದಾಗ ಹುಡುಗಿಯರ ದಾಖಲಾತಿ 52 ಶೇಕಡಾ ಅಂಶಗಳಷ್ಟು ಹೆಚ್ಚಿತು, ಹುಡುಗರದು 35. ಗಲಭೆ, ಭಯ ಇರುವ ಕಡೆ ಹುಡುಗಿಗೂ ಶಾಲೆಗೂ ನಡುವಿನ ಪ್ರತಿ ಮೈಲೂ ಲೆಕ್ಕಕ್ಕೆ ಬರುತ್ತದೆ. 2020ರ ಆಗಸ್ಟ್‌ನಲ್ಲಿ ನಮ್ಮಲ್ಲಿ ಬಂದ ವಿದ್ಯಾಗಮ ಯೋಜನೆಯೂ ಇದೇ ದಾರಿಯದು. ಶಿಕ್ಷಕರು ಓಣಿಗೆ ಬಂದು ಗುಡಿಯ ಕಟ್ಟೆ, ಮರದ ನೆರಳು, ಮನೆಯ ಪಡಸಾಲೆಯಲ್ಲಿ ಪಾಠ ಮಾಡಿದರು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಆಗಿನ ಭಯ ಸಣ್ಣದಾಗಿರಲಿಲ್ಲ. ಆದರೂ ಮುಂದಿನ ನೆರೆಗೆ ಆ ಮಾದರಿ ನೆನಪಿಡುವಂಥದ್ದು.

"ಮೊದಲು ಊಟ, ಸೂರು. ಸಾಲಿ ಆಮ್ಯಾಗ"

ಇನ್ನೊಂದು ಜನಪ್ರಿಯ ನಂಬಿಕೆ ಇದು. ಬಹಳ ಕಾಲ ಅಂತರರಾಷ್ಟ್ರೀಯ ನೆರವು ಸಂಸ್ಥೆಗಳೂ ಹೀಗೇ ಯೋಚಿಸುತ್ತಿದ್ದವು. 1996ರಲ್ಲಿ ಗ್ರಾಸಾ ಮಶೆಲ್ ವಿಶ್ವಸಂಸ್ಥೆಗೆ ಕೊಟ್ಟ ವರದಿ, ಯುದ್ಧದ ನಡುವೆಯೂ ಶಿಕ್ಷಣ ನಡೆಯಬೇಕು ಎಂದು ವಾದಿಸಿತು. 2000ರಲ್ಲಿ ತುರ್ತು ಸ್ಥಿತಿಯ ಶಿಕ್ಷಣಕ್ಕಾಗಿ ಸಂಸ್ಥೆಗಳ ಜಾಲವೊಂದು ಹುಟ್ಟಿತು, 2016ರಲ್ಲಿ 'ಎಜುಕೇಶನ್ ಕೆನಾಟ್ ವೇಟ್' ಎಂಬ ವಿಶ್ವಸಂಸ್ಥೆಯ ನಿಧಿ ಬಂತು. ಆ ನಿಧಿಯ 2025ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 23.4 ಕೋಟಿ ಶಾಲಾ ವಯಸ್ಸಿನ ಮಕ್ಕಳು ಬಿಕ್ಕಟ್ಟಿನಲ್ಲಿದ್ದಾರೆ, ಅವರಲ್ಲಿ 8.5 ಕೋಟಿ ಮಕ್ಕಳು ಶಾಲೆಯಿಂದಲೇ ಹೊರಗಿದ್ದಾರೆ.

ಊಟ ಮತ್ತು ಶಾಲೆ ಒಂದರ ನಂತರ ಒಂದು ಬರುವ ಸಂಗತಿಗಳಲ್ಲ. ನಮ್ಮಲ್ಲಿ ಮಧ್ಯಾಹ್ನದ ಬಿಸಿಯೂಟ ಸಿಗುವುದೇ ಶಾಲೆಯಲ್ಲಿ. ಶಾಲೆಯಲ್ಲಿ ಕೂತ ಹುಡುಗಿಯ ಮದುವೆಯ ಮಾತು ಮುಂದಕ್ಕೆ ಹೋಗುತ್ತದೆ, ಕೂತ ಹುಡುಗ ಕಬ್ಬಿನ ಗದ್ದೆಗೆ ಕೂಲಿಗೆ ಹೋಗುವುದಿಲ್ಲ. ಹೆತ್ತವರು ಮನೆಯ ಕೆಸರು ಬಳಿಯುವಾಗ ಮಕ್ಕಳು ಸುರಕ್ಷಿತವಾಗಿರುವ ಜಾಗವೂ ಅದೇ.

ಹಳ್ಳಿಯಲ್ಲಿ ಎತ್ತರದ ಜಾಗದಲ್ಲಿರುವ ಗಟ್ಟಿ ಕಟ್ಟಡ ಹೆಚ್ಚಾಗಿ ಶಾಲೆಯೇ ಆದ್ದರಿಂದ ಜನರನ್ನು ಅಲ್ಲಿಗೇ ಕರೆತರುತ್ತಾರೆ. ಮಣಿಪುರದಲ್ಲಿ 2023ರ ಮೇನಲ್ಲಿ ಹಿಂಸೆ ಶುರುವಾದಾಗಲೂ ಹೀಗೇ ಆಯಿತು. ಪ್ರಾಣ ಉಳಿಸಲು ಅದು ಬೇಕು. ಬೇರೆ ಜಾಗವಿಲ್ಲದಿದ್ದರೆ ಮಾತ್ರ ಶಾಲೆಯನ್ನು ಬಳಸಿ ಎನ್ನುತ್ತವೆ ಅಂತರರಾಷ್ಟ್ರೀಯ ಮಾನದಂಡಗಳು. ಬಳಸಿದರೂ ಒಂದೆರಡು ಕೋಣೆಗಳನ್ನು ಪಾಠಕ್ಕೆ ಬಿಡಬಹುದು, ಬಿಟ್ಟುಕೊಡುವ ದಿನಾಂಕವನ್ನು ಮೊದಲೇ ಗೊತ್ತುಮಾಡಬಹುದು, ದಾಖಲಾತಿ ಪುಸ್ತಕಗಳನ್ನು ಮಳೆಗಾಲಕ್ಕೆ ಮುಂಚೆ ಎತ್ತರದ ಕಪಾಟಿಗೆ ಏರಿಸಬಹುದು. ಸಮುದಾಯ ಭವನ, ಕಲ್ಯಾಣ ಮಂಟಪಗಳ ಪಟ್ಟಿಯನ್ನು ಗ್ರಾಮ ಪಂಚಾಯಿತಿ ಮೇ ತಿಂಗಳಲ್ಲೇ ಮಾಡಿಟ್ಟುಕೊಂಡರೆ ಆಗಸ್ಟ್‌ನಲ್ಲಿ ಓಡಾಡಬೇಕಾಗಿಲ್ಲ.

ಕಾಗದ ಕಳೆದಿದೆ ಎಂಬ ಕಾರಣಕ್ಕೆ ಮಗುವನ್ನು ಮನೆಯಲ್ಲಿ ಕೂರಿಸುವ ಅಗತ್ಯವಿಲ್ಲ ಎಂಬುದೂ ಪಾಲಕರಿಗೆ ಗೊತ್ತಿರಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿ.ಸಿ. ತಡವಾಯಿತೆಂದು ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ. ಓದು ನಡುವೆ ನಿಂತಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ವಿಶೇಷ ತರಬೇತಿ ಕೊಡಬೇಕೆಂದು ಅದೇ ಕಾಯ್ದೆಯ 4ನೇ ಕಲಂ ಹೇಳುತ್ತದೆ. ನೆರೆಯಿಂದ ಊರು ಬಿಟ್ಟವರಿಗೂ ಇದು ಅನ್ವಯ, ಬರಗಾಲದಲ್ಲಿ ಗುಳೆ ಹೋಗಿ ಬಂದವರಿಗೂ ಅನ್ವಯ.

ಮನೆಯಲ್ಲೇ ಹತ್ತು ನಿಮಿಷದ ಪರೀಕ್ಷೆ

2019ರಲ್ಲಿ ಒಂದನೇ ತರಗತಿಗೆ ಸೇರಿದವರು 2025-26ರಲ್ಲಿ ಏಳನೇ ತರಗತಿ, 2029ರಲ್ಲಿ ಎಸ್ಸೆಸ್ಸೆಲ್ಸಿ. ನಿಮ್ಮ ಮನೆಯಲ್ಲಿ ಆ ವಯಸ್ಸಿನ ಮಗು ಇದ್ದರೆ ಅಂಕಪಟ್ಟಿಯನ್ನು ಬದಿಗಿಡಿ. ಎರಡನೇ ತರಗತಿಯ ಕನ್ನಡ ಪುಸ್ತಕದಿಂದ ಅದು ನೋಡಿರದ ಒಂದು ಪುಟ ಕೊಟ್ಟು ಗಟ್ಟಿಯಾಗಿ ಓದಲು ಹೇಳಿ, ಓದಿದ ಮೇಲೆ ಏನಾಯಿತು ಎಂದು ಕೇಳಿ. ಬಾಯಿಪಾಠದಿಂದ ಹೇಳುತ್ತಿದೆಯೇ ಎಂದು ನೋಡಲು ನಡುವಿನ ಒಂದು ಪದವನ್ನು ತೋರಿಸಿ. ಬಳಿಕ 52ರಲ್ಲಿ 17 ಕಳೆಯುವ ಲೆಕ್ಕ, ಆಮೇಲೆ 864ನ್ನು 7ರಿಂದ ಭಾಗಿಸುವ ಲೆಕ್ಕ ಕೊಡಿ. ಉತ್ತರ 123, ಶೇಷ 3.

ತಡವರಿಸಿದರೆ ಬೈಯಬೇಡಿ, ಟ್ಯೂಷನ್‌ಗೆ ಏಳನೇ ತರಗತಿಯ ಪುಸ್ತಕ ಹಿಡಿದುಕೊಂಡು ಕಳಿಸಲೂ ಬೇಡಿ. ನಿಂತ ಜಾಗದಿಂದ ಶುರುಮಾಡಿ. ದಿನಕ್ಕೆ ಅರ್ಧ ಗಂಟೆ ಗಟ್ಟಿಯಾಗಿ ಓದಿಸಿ. ಅಕ್ಕ ಅಥವಾ ಓಣಿಯ ಪಿಯುಸಿ ಹುಡುಗಿ ಕೂತರೂ ಆಗುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ, ಸುಲಭವಾಗಿ ಓದಬಲ್ಲ ಪುಸ್ತಕ ಅಲ್ಲಿ ಸಿಗುತ್ತದೆ. ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ ಹೆಡ್‌ಮಾಸ್ತರರಿಗೆ ಒಂದು ಪ್ರಶ್ನೆ ಕೇಳಿ: "ಸರ್, ಏಳನೇತ್ತೆ ಒಳಗ ಎರಡನೇತ್ತೆ ಪುಸ್ತಕ ಓದಾಕ ಬರಲಾರದ ಹುಡುಗ್ರು ಎಷ್ಟ ಮಂದಿ ಅದಾರ? ಅವ್ರಿಗೆ ದಿನಾ ಒಂದ ತಾಸು ಬ್ಯಾರೆ ಕುಂದ್ರಸಾಕ ಆಗ್ತೈತೇನ್ರಿ?"